ವೈರಸ್ ಹುಡುಕಿ ಊರೂರು ತಿರುಗುವವರು: ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ಸಂಚಿಕೆಯಲ್ಲಿ ಮಂಗನ ಕಾಯಿಲೆ ಬಗ್ಗೆ ಒಂದು ಸಣ್ಣ ಉತ್ತರ ಬರೆದಿದ್ದೆ. ಆ ಕಾಯಿಲೆ ಮೊದಲು ಪತ್ತೆಯಾದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿಗೆ 1957ರಲ್ಲಿ ಪುಣೆಯಿಂದ ಬಂದ ತಂಡದಲ್ಲಿ ಅಮೆರಿಕದವರೂ ಇದ್ದರು ಅಂತ ಅದರಲ್ಲಿ ಒಂದೇ ಒಂದು ಸಾಲು ಇತ್ತು. ಪತ್ರಗಳು ಬಂದಿದ್ದೆಲ್ಲ ಆ ಸಾಲಿನ ಮೇಲೆ. ಹಾಗಾಗಿ ಈ ಸಲದ ಜಾಗವೆಲ್ಲ ವೈರಸ್ ಬೆನ್ನು ಹತ್ತಿ ದೇಶ ಸುತ್ತುವವರಿಗೇ ಮೀಸಲು.

ಪ್ರಶ್ನೆ: ನಾನು ಮೈಕ್ರೋಬಯಾಲಜಿ ಓದ್ತಿದ್ದೇನೆ. ದೇಶ ದೇಶ ಸುತ್ತಿ ವೈರಸ್ ಹುಡುಕುವ ಸಂಶೋಧಕಿ ಆಗಬೇಕು ಅಂತ ತುಂಬಾ ಆಸೆ. ಇಂಥವರು ಒಂದು ಊರಿಗೆ ಬಂದಿಳಿದ ಮೇಲೆ ನಿಜವಾಗಿ ಏನು ಮಾಡ್ತಾರೆ? ಆ ಅಮೆರಿಕದವರು ನಮ್ಮ ಕಡೆಗೆ ಯಾಕೆ ಬಂದಿದ್ರು? – ವಿದ್ಯಾರ್ಥಿನಿ, ತೀರ್ಥಹಳ್ಳಿ

ಉತ್ತರ: ಎರಡನೇ ಪ್ರಶ್ನೆಯಿಂದ ಶುರು ಮಾಡುತ್ತೇನೆ, ಮೊದಲನೆಯದಕ್ಕೆ ಉತ್ತರ ಅದರೊಳಗೇ ಇದೆ.

1957ರ ಮಾರ್ಚ್ ಹೊತ್ತಿಗೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೆ ಒಂದು ಸಾಯುತ್ತಿದ್ದವು. ಸುತ್ತಲಿನ ಹಳ್ಳಿಗಳಲ್ಲಿ ಜನರಿಗೂ ಜೋರು ಜ್ವರ. ಸುದ್ದಿ ಪುಣೆಯ ವೈರಸ್ ರಿಸರ್ಚ್ ಸೆಂಟರ್‌ಗೆ ಹೋಯಿತು. 1952ರಲ್ಲಿ ನಮ್ಮ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ ಸೇರಿ ಕಟ್ಟಿದ ಸಂಸ್ಥೆ ಅದು. ಈಗ ಎನ್‌ಐವಿ, ಅಂದರೆ ರಾಷ್ಟ್ರೀಯ ವೈರಾಣು ಸಂಸ್ಥೆ ಅಂತ ನಾವೆಲ್ಲ ಪೇಪರಿನಲ್ಲಿ ಓದುವುದು ಅದನ್ನೇ. ಆಗ ಅದರ ನಿರ್ದೇಶಕರಾಗಿದ್ದವರು ಟೆಲ್ಫರ್ಡ್ ವರ್ಕ್ ಅನ್ನುವ ಅಮೆರಿಕದ ಡಾಕ್ಟರ್. ಜೊತೆಗೆ ಕೀಟಗಳ ತಜ್ಞ ಹೆರಾಲ್ಡ್ ಟ್ರಾಪಿಡೊ.

ಮಂಗ ಸಾಯುತ್ತಿದೆ ಅಂದಾಗ ಅವರಿಗೆ ಮೊದಲು ಬಂದ ಅನುಮಾನ ಹಳದಿ ಜ್ವರದ್ದು (ಯೆಲ್ಲೋ ಫೀವರ್). ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗಗಳು ಉದುರಿ ಬಿದ್ದರೆ ಹಳದಿ ಜ್ವರ ಬಂತು ಅಂತಲೇ ಲೆಕ್ಕ. ಭಾರತಕ್ಕೆ ಆ ಜ್ವರ ಬಂದಿರಲಿಲ್ಲ, ಇವತ್ತಿಗೂ ಬಂದಿಲ್ಲ. ಆದರೆ ಅದನ್ನು ಹರಡುವ ಈಡಿಸ್ ಸೊಳ್ಳೆ ನಮ್ಮಲ್ಲಿ ಧಾರಾಳವಾಗಿದೆ. ಒಂದು ಸಲ ಕಾಲಿಟ್ಟರೆ ಏನಾಗುತ್ತಿತ್ತು ಯೋಚಿಸಿ. ಸತ್ತ ಮಂಗಗಳಿಂದ, ಜ್ವರ ಬಂದವರ ರಕ್ತದಿಂದ ವೈರಸ್ ತೆಗೆದು ನೋಡಿದರೆ ಅದು ಹಳದಿ ಜ್ವರದ್ದಾಗಿರಲಿಲ್ಲ. ರಷ್ಯಾದ ಕಾಡುಗಳಲ್ಲಿ ಉಣುಗು ಕಚ್ಚಿ ಬರುವ ಮಿದುಳು ಜ್ವರವೊಂದಿದೆ, ಅದರ ವೈರಸ್ಸಿಗೆ ಇದು ಹತ್ತಿರದ ಸಂಬಂಧಿ. ಅಂದರೆ ಸೊಳ್ಳೆ ಬಿಟ್ಟು ಉಣುಗು ಹುಡುಕಬೇಕು. ಆ ವರ್ಷ ದಾಖಲಾದ ರೋಗಿಗಳು 466, ಮರುವರ್ಷ 181.

ಉಣುಗು ಹುಡುಕುವುದು ಹೇಗೆ ಅಂತ ಹೇಳಬೇಕು, ಯಾಕೆಂದರೆ ನೀವು ಈ ಕೆಲಸಕ್ಕೆ ಬಂದರೆ ಮೊದಲು ಮಾಡುವುದು ಇದನ್ನೇ. ಒಂದು ಬಿಳಿ ಬಟ್ಟೆ, ಸ್ವಲ್ಪ ಜುಂಗಿರುವ ಫ್ಲಾನೆಲ್ ಆದರೆ ಒಳ್ಳೇದು. ಅದರ ಒಂದು ಅಂಚಿಗೆ ಕೋಲು ಕಟ್ಟಿ, ಕೋಲಿಗೆ ಹಗ್ಗ ಕಟ್ಟಿ, ತರಗೆಲೆಯ ಮೇಲೆ ನಿಧಾನಕ್ಕೆ ಎಳೆದುಕೊಂಡು ಹೋಗುವುದು. ಒಂದಷ್ಟು ದೂರ ಎಳೆದು, ಬಟ್ಟೆ ತಿರುಗಿಸಿ, ಮಂಡಿಯೂರಿ ಕೂತು ನೋಡಬೇಕು. ದೊಡ್ಡ ಉಣುಗು ಕಣ್ಣಿಗೆ ಬೀಳುತ್ತದೆ. ಮನುಷ್ಯರಿಗೆ ಕಾಯಿಲೆ ಹಚ್ಚುವುದು ಜಾಸ್ತಿ ಮರಿ ಉಣುಗು. ಅದು ಎಳ್ಳಿಗಿಂತ ಸಣ್ಣದು, ಬಟ್ಟೆಯ ಮೇಲೆ ಮಣ್ಣಿನ ಕಣದ ಹಾಗೆ ಕೂತಿರುತ್ತದೆ, ನಡೆದಾಗಲೇ ಗೊತ್ತಾಗುವುದು. ಸಣ್ಣ ಚಿಮಟದಲ್ಲಿ ಹಿಡಿದು ಸೀಸೆಗೆ ಹಾಕಿ, ಹತ್ತಿ ತುರುಕಿ, ಚೀಟಿ ಅಂಟಿಸಬೇಕು. ಚೀಟಿಯಲ್ಲಿ ತಾರೀಕು, ಜಾಗ, ಎಂಥ ಕಾಡು, ಹತ್ತಿರ ಮಂಗ ಸತ್ತಿತ್ತಾ ಇಲ್ಲವಾ. ಚೀಟಿ ತಪ್ಪಿದರೆ ಆ ದಿನದ ದುಡಿಮೆ ಪೂರ್ತಿ ನೀರಿಗೆ ಹಾಕಿದ ಹಾಗೆ. ನಾನು ಇಂಥ ತಂಡಗಳ ಜೊತೆ ಕಾಡಿಗೆ ಹೋಗಿದ್ದೇನೆ. ನೆನಪಿರುವುದು ಬಗ್ಗಿ ಬಗ್ಗಿ ಹಿಡಿದ ಸೊಂಟ ಮತ್ತು ಚೀಟಿ ಬರೆಯುವವರ ತಾಳ್ಮೆ.

ಈಗ ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಮಾತು. ಬಂದವರೆಲ್ಲ ತಲೆಯಲ್ಲಿ ಇನ್ನೊಂದು ಊರನ್ನು ಇಟ್ಟುಕೊಂಡೇ ಬಂದಿದ್ದರು. ವರ್ಕ್ ಅವರಿಗೆ ಹಕ್ಕಿಗಳ ಹುಚ್ಚು. ಪುಣೆಗೆ ಬರುವ ಮೊದಲು ಅವರು ಈಜಿಪ್ಟಿನಲ್ಲಿ, ನೈಲ್ ನದಿ ಬಯಲಿನ ಹಳ್ಳಿಗಳಲ್ಲಿ ವೆಸ್ಟ್ ನೈಲ್ ವೈರಸ್ ಮೇಲೆ ಕೆಲಸ ಮಾಡಿದ್ದರು. ಆ ವೈರಸ್ ಇರುವುದು ಹಕ್ಕಿ ಮತ್ತು ಸೊಳ್ಳೆಗಳ ನಡುವೆ. ಹಾಗಾಗಿ ಮಲೆನಾಡಿನಲ್ಲೂ ಅವರ ಕಣ್ಣು ಹಕ್ಕಿಗಳ ಮೇಲೆ ಹೋಯಿತು. ಟ್ರಾಪಿಡೊ ಪನಾಮಾ, ಸಾರ್ಡೀನಿಯ ಎಲ್ಲ ಸುತ್ತಿ ಬಂದವರು, ಕೀಟಗಳನ್ನು ಜಾತಿ ಹಚ್ಚುವುದರಲ್ಲಿ ಗಟ್ಟಿಗರು. ಹೀಮಾಫೈಸಾಲಿಸ್ ಸ್ಪಿನಿಜೆರಾ ಅನ್ನುವ ಉಣುಗೇ ಮುಖ್ಯ ಆರೋಪಿ ಅಂತ ಗುರುತಿಸಿದ್ದು ಅವರು ಮತ್ತು ಪಿ. ಕೆ. ರಾಜಗೋಪಾಲನ್ ಇದ್ದ ತಂಡ. ಇಲ್ಲಿಯ ಉಣುಗಿನ ಕೆಲಸ ಕೈರೋದಲ್ಲಿದ್ದ ಹ್ಯಾರಿ ಹೂಗ್‌ಸ್ಟ್ರಾಲ್ ಅನ್ನುವ ಉಣುಗು ಪಂಡಿತರವರೆಗೂ ಮುಟ್ಟಿತು. 1964ರಲ್ಲಿ ಟ್ರಾಪಿಡೊ, ರಾಜಗೋಪಾಲನ್ ಮತ್ತು ಹೂಗ್‌ಸ್ಟ್ರಾಲ್ ಸೇರಿ ಒಂದು ಹೊಸ ಉಣುಗಿಗೆ ಕ್ಯಾಸನೂರಿನ ಹೆಸರನ್ನೇ ಇಟ್ಟರು.

ಆಮೇಲೆ 1960ರ ದಶಕದಲ್ಲಿ ಬಂದವರು ಹೋರ್ಹೆ ಬೊಶೆಲ್, ಕೊಲಂಬಿಯಾದವರು. ಇವರ ಕಥೆ ನನಗೆ ತುಂಬಾ ಇಷ್ಟ. ಕೊಲಂಬಿಯಾದ ಕಾಡಿನಲ್ಲಿ ಮರ ಕಡಿಯುವವರಿಗೆ ಹಳದಿ ಜ್ವರ ಬರುತ್ತಿತ್ತು. ಆದರೆ ಅಲ್ಲಿ ಊರಿನ ಈಡಿಸ್ ಸೊಳ್ಳೆ ಇರಲಿಲ್ಲ. ಎಲ್ಲಿಂದ ಬಂತು ಜ್ವರ? ಬೊಶೆಲ್ ಮರ ಕಡಿಯುವವರ ಜೊತೆಗೇ ಕಾಡಿಗೆ ಹೋದರು. ಒಂದು ದೊಡ್ಡ ಮರ ಉರುಳಿದಾಗ ಅದರ ನೆತ್ತಿಯ ಜೊತೆ ನೀಲಿ ಬಣ್ಣದ ಸಣ್ಣ ಸೊಳ್ಳೆಗಳ ಹಿಂಡೇ ಕೆಳಗಿಳಿದು ಜನರನ್ನು ಮುತ್ತಿತು. ಅದುವರೆಗೆ ಎಲ್ಲರೂ ನೆಲದ ಮೇಲೆ ಸೊಳ್ಳೆ ಹುಡುಕುತ್ತಿದ್ದರು. ಅವು ಇದ್ದದ್ದು ಮಂಗಗಳ ಜೊತೆ, ಮರದ ತುದಿಯಲ್ಲಿ. ಕೊಡಲಿ ಹಿಡಿದವರಿಗೆ ದಿನಾ ಕಚ್ಚುತ್ತಿದ್ದ ಸೊಳ್ಳೆ ಅದು, ಅವರಿಗೆ ಗೊತ್ತೇ ಇತ್ತು. ಕೇಳುವವರು ಬಂದಿರಲಿಲ್ಲ ಅಷ್ಟೇ.

ಅದೇ ಮನುಷ್ಯ ಶಿವಮೊಗ್ಗ ಜಿಲ್ಲೆಯಲ್ಲಿ ಜನರ ದುಡಿಮೆಯನ್ನು ನೋಡಿದರು. ಕಾಡು ಕಡಿದು ಗದ್ದೆ ಮಾಡಿದ್ದಾರೆ, ಗದ್ದೆಯ ಅಂಚಿಗೆ ಲಂಟಾನ ದಟ್ಟವಾಗಿ ಹಬ್ಬಿದೆ, ದನಗಳು ದಿನಾ ಕಾಡಿಗೆ ಮೇಯಲು ಹೋಗುತ್ತವೆ, ಜನ ಸೌದೆಗೆ, ಸೊಪ್ಪಿಗೆ, ತರಗೆಲೆಗೆ ಸೊಪ್ಪಿನ ಬೆಟ್ಟ ಹತ್ತುತ್ತಾರೆ. ದೊಡ್ಡ ಉಣುಗು ರಕ್ತ ಕುಡಿದು ಬೆಳೆಯುವುದು ದನದ ಮೈಮೇಲೆ. ದನದಲ್ಲಿ ವೈರಸ್ ಬೆಳೆಯುವುದಿಲ್ಲ, ಆದರೆ ಉಣುಗಿನ ಸಂತಾನ ಬೆಳೆಯುತ್ತದೆ. ಅದು ಮೊಟ್ಟೆಯಿಡುವುದು ಕಾಡಂಚಿನ ಪೊದೆಗಳಲ್ಲಿ. ಮರಿಗಳು ಇಲಿ, ಹಕ್ಕಿ, ಮಂಗ, ಮನುಷ್ಯ ಯಾರು ಸಿಕ್ಕರೆ ಅವರಿಗೆ ಹತ್ತುತ್ತವೆ. ಕಾಡಿನೊಳಗೆ ಸುಮ್ಮನಿದ್ದ ವೈರಸ್ ಊರಿಗೆ ಬಂದ ದಾರಿ ಇದು ಅಂತ ಅವರು 1969ರಲ್ಲಿ ಬರೆದರು. 1983ರ ಸುಮಾರಿಗೆ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರು ತೋಟಕ್ಕಾಗಿ ಕಾಡು ಬೋಳಿಸಿದ ಮೇಲೆ ಕಾಯಿಲೆ ಭಯಂಕರವಾಗಿ ಹಬ್ಬಿತು. ಬೊಶೆಲ್ ಹೇಳಿದ್ದನ್ನು ಆ ಹೊತ್ತಿಗೆ ಯಾರಾದರೂ ಗಂಭೀರವಾಗಿ ತೆಗೆದುಕೊಂಡಿದ್ದರೆ ಎಷ್ಟು ಜೀವ ಉಳಿಯುತ್ತಿದ್ದವೋ ಅಂತ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಹಾಗಾದರೆ ನಿಮಗೆ ಹೇಳುವುದೇನು? ಲ್ಯಾಬ್ ಕಲಿಯಿರಿ, ಅಂಕಿಸಂಖ್ಯೆ ಚೆನ್ನಾಗಿ ಕಲಿಯಿರಿ. ಇಷ್ಟೇ ಮುಖ್ಯವಾಗಿ, ಒಂದು ಊರಿನ ಜನ ದಿನವಿಡೀ ಏನು ಮಾಡುತ್ತಾರೆ, ಎಲ್ಲಿ ಕೂರುತ್ತಾರೆ, ಯಾವ ತಿಂಗಳು ಎಲ್ಲಿಗೆ ಹೋಗುತ್ತಾರೆ ಅಂತ ಕೇಳುವುದನ್ನು ಕಲಿಯಿರಿ. ನೀವು ತೀರ್ಥಹಳ್ಳಿಯವರು, ಅರ್ಧ ಪಾಠ ಮನೆಯಲ್ಲೇ ಆಗಿದೆ.

ಪ್ರಶ್ನೆ: ನಮ್ಮ ತಂದೆ ಹೇಳ್ತಿದ್ದರು, ಆಗ ಬಿಳಿಯರು ಬಂದು ಬಲೆ ಕಟ್ಟಿ ಹಕ್ಕಿ ಹಿಡಿದು ರಕ್ತ ತೆಗೆದು ಬಿಡ್ತಿದ್ರಂತೆ. ಈ ಕಾಯಿಲೆಯನ್ನು ಅವರೇ ತಂದು ಬಿಟ್ಟರು ಅನ್ನೋ ಮಾತು ನಮ್ಮ ಕಡೆ ಈಗಲೂ ಇದೆ. ಇದರಲ್ಲಿ ನಿಜ ಎಷ್ಟು? – ಕೃಷಿಕರು, ಸೊರಬ ತಾಲ್ಲೂಕು

ಉತ್ತರ: ನಿಮ್ಮ ತಂದೆಯವರು ಕಂಡದ್ದು ನಿಜ. ಹಕ್ಕಿ ಹಿಡಿದದ್ದು, ಅವುಗಳ ಮೈಮೇಲಿನ ಉಣುಗು ತೆಗೆದದ್ದು, ರಕ್ತ ತೆಗೆದದ್ದು ಎಲ್ಲ ನಡೆದಿದೆ. ಕಾರಣವೂ ಇತ್ತು. ರಷ್ಯಾದ ವೈರಸ್ಸಿನ ಸಂಬಂಧಿ ಸೊರಬದಲ್ಲಿ ಸಿಕ್ಕಾಗ, ಚಳಿಗಾಲಕ್ಕೆ ಸೈಬೀರಿಯಾ ಕಡೆಯಿಂದ ಹಾರಿ ಬರುವ ವಲಸೆ ಹಕ್ಕಿಗಳು ಉಣುಗನ್ನು ಹೊತ್ತು ತಂದಿರಬಹುದಾ ಅನ್ನುವ ಪ್ರಶ್ನೆ ಸಹಜವಾಗಿ ಎದ್ದಿತು. ಸಲೀಂ ಅಲಿ ಅವರ ಮುಂದಾಳತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳಿಗೆ ಉಂಗುರ ಹಾಕುವ ದೊಡ್ಡ ಕೆಲಸ ಕೈಗೆತ್ತಿಕೊಂಡಿದ್ದರ ಹಿಂದೆ ಈ ಪ್ರಶ್ನೆಯೂ ಇತ್ತು. ವಿಶ್ವ ಆರೋಗ್ಯ ಸಂಸ್ಥೆ ಮೊದಲು ಹಣ ಕೊಟ್ಟಿತು. ಆಮೇಲೆ ಅಮೆರಿಕದ ಸೇನೆಯ ಒಂದು ಸಂಶೋಧನಾ ಯೋಜನೆಯ ಹಣವೂ ಬಂತು. 1970ರ ದಶಕದ ನಡುವೆ ಸಂಸತ್ತಿನ ಲೆಕ್ಕಪತ್ರ ಸಮಿತಿ ಇದನ್ನು ಎತ್ತಿಕೊಂಡು ಗಟ್ಟಿಯಾಗಿ ಪ್ರಶ್ನೆ ಮಾಡಿತು. ಅನುಮಾನಕ್ಕೆ ನೀರು ಗೊಬ್ಬರ ಸಿಕ್ಕಿದ್ದು ಅಲ್ಲಿಂದ.

ಆದರೆ ಕಾಯಿಲೆ ಅವರು ತಂದದ್ದಲ್ಲ. ಮಂಗಗಳು ಸತ್ತ ಸುದ್ದಿ ಕೇಳಿದ ಮೇಲೆ ಅವರು ಬಂದರು, ಮೊದಲಲ್ಲ. ಬಂದವರಿಗೆ ಇದು ಏನೆಂದು ತಿಳಿದಿರಲಿಲ್ಲ, ಹಳದಿ ಜ್ವರ ಅಂತ ಅನುಮಾನಪಟ್ಟೇ ಶುರು ಮಾಡಿದರು. 1990ರ ದಶಕದಲ್ಲಿ ಸೌದಿ ಅರೇಬಿಯಾದಲ್ಲಿ ಅಲ್ಖುರ್ಮಾ ಅನ್ನುವ ವೈರಸ್ ಸಿಕ್ಕಿತು, ಅದು ನಮ್ಮ ಕ್ಯಾಸನೂರಿನ ವೈರಸ್ಸಿಗೆ ತೀರಾ ಹತ್ತಿರದ್ದು. ಎರಡೂ ಒಂದೇ ಮೂಲದಿಂದ ಬಹಳ ಹಿಂದೆಯೇ ಕವಲೊಡೆದವು. ಇದು ಹಳೇ ಕಾಡಿನ ಹಳೇ ವೈರಸ್. ಹಕ್ಕಿ ತಂದಿತು ಅನ್ನುವ ಊಹೆಗೂ ಗಟ್ಟಿ ಪುರಾವೆ ಸಿಗಲಿಲ್ಲ.

ಊರಿನವರ ಅನುಮಾನವನ್ನು ನಾನು ಮೂಢನಂಬಿಕೆ ಅಂತ ತಳ್ಳಿ ಹಾಕುವುದಿಲ್ಲ. ನಿಮ್ಮ ತೋಟದ ಹಿಂದೆ ಬಲೆ ಕಟ್ಟಿ, ಹಕ್ಕಿಯ ರಕ್ತ ಸೀಸೆಗೆ ತುಂಬಿಕೊಂಡು, ಏನು ಮಾಡುತ್ತಿದ್ದೇವೆ ಅಂತ ನಿಮ್ಮ ಭಾಷೆಯಲ್ಲಿ ಕೂತು ಹೇಳದೆ ಜೀಪು ಹತ್ತಿ ಹೋದರೆ ಯಾರಿಗೆ ತಾನೆ ಅನುಮಾನ ಬರುವುದಿಲ್ಲ? ಹಣ ಯಾರದ್ದು, ಫಲಿತಾಂಶ ಯಾರಿಗೆ ಅನ್ನುವುದನ್ನು ಮೊದಲ ದಿನವೇ ಬಾಯಿಬಿಟ್ಟು ಹೇಳಬೇಕು. ಇದು ಆಗಿನವರಿಗೂ ಅನ್ವಯ, ಈಗಿನವರಿಗೂ.

ಪ್ರಶ್ನೆ: ಅಪಾಯಕಾರಿ ವೈರಸ್ ಇರುವ ರಕ್ತವನ್ನು ವಿಮಾನದಲ್ಲಿ ಹೇಗೆ ಸಾಗಿಸ್ತಾರೆ? ನಾವು ಕೂತ ವಿಮಾನದಲ್ಲೂ ಇರಬಹುದಾ? – ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಒಂದು ಕಾಲದಲ್ಲಿ ಪ್ರಯಾಣಿಕರ ಕೈಚೀಲದಲ್ಲೇ ಹೋಗಿದೆ. 1976ರಲ್ಲಿ ಜೈರ್, ಅಂದರೆ ಈಗಿನ ಕಾಂಗೋದಿಂದ ಬೆಲ್ಜಿಯಂನ ಆಂಟ್‌ವರ್ಪ್‌ಗೆ ಒಂದು ನೀಲಿ ಥರ್ಮಾಸ್ ಫ್ಲಾಸ್ಕ್ ಬಂತು, ಮಾಮೂಲಿ ಪ್ರಯಾಣಿಕರ ವಿಮಾನದಲ್ಲಿ. ಒಳಗೆ ರಕ್ತದ ಸೀಸೆಗಳು ಮತ್ತು ಮಂಜುಗಡ್ಡೆ. ತೆರೆದು ನೋಡಿದರೆ ಮಂಜು ಕರಗಿದೆ, ಒಂದು ಸೀಸೆ ಒಡೆದು ರಕ್ತ ನೀರಲ್ಲಿ ಬೆರೆತಿದೆ. ಅದನ್ನು ಬಿಚ್ಚಿದ ಲ್ಯಾಬಿನಲ್ಲಿ 27 ವರ್ಷದ ಪೀಟರ್ ಪಿಯೋಟ್ ಅನ್ನುವ ಯುವಕರು ಇದ್ದರು. ರಕ್ಷಣೆಗೆ ಹೆಚ್ಚೆಂದರೆ ಕೈಗವಸು. ಆ ರಕ್ತದಲ್ಲಿ ಇದ್ದದ್ದು ಎಬೋಲಾ. ಯಾರಿಗೂ ಏನೂ ಆಗದಿದ್ದದ್ದು ಅದೃಷ್ಟ.

ಈಗ ಹಾಗಿಲ್ಲ. ಮೂರು ಪದರದ ಪ್ಯಾಕಿಂಗ್ ಕಡ್ಡಾಯ. ಸೋರದ ಟ್ಯೂಬ್, ಅದರ ಸುತ್ತ ಪೂರ್ತಿ ದ್ರವವನ್ನು ಹೀರಿಕೊಳ್ಳುವಷ್ಟು ಹತ್ತಿಯಂಥ ವಸ್ತು, ಅದು ಇನ್ನೊಂದು ಸೋರದ ಗಟ್ಟಿ ಡಬ್ಬಿಯೊಳಗೆ, ಆ ಡಬ್ಬಿ ಬಿದ್ದರೂ ಒಡೆಯದ ಹೊರ ಪೆಟ್ಟಿಗೆಯೊಳಗೆ. ತಣ್ಣಗಿಡಲು ಡ್ರೈ ಐಸ್ ಹಾಕಿದರೆ ಅದು ಮೈನಸ್ 78 ಡಿಗ್ರಿ. ಡ್ರೈ ಐಸ್ ಕರಗಿ ನೀರಾಗುವುದಿಲ್ಲ, ಅನಿಲವಾಗುತ್ತದೆ. ಹಾಗಾಗಿ ಹೊರ ಪೆಟ್ಟಿಗೆಯನ್ನು ಗಾಳಿಯಾಡದ ಹಾಗೆ ಮುಚ್ಚಿದರೆ ಅದೇ ಸಿಡಿಯುತ್ತದೆ. ಹೊಸಬರಿಗೆ ಮೊದಲು ಕಲಿಸುವ ಪಾಠಗಳಲ್ಲಿ ಇದೂ ಒಂದು. ತೀರಾ ಅಪಾಯದ ಮಾದರಿಗಳಿಗೆ ಯುಎನ್ 2814 ಅನ್ನುವ ಗುರುತು ಹಾಕುತ್ತಾರೆ. ಇವನ್ನು ಯಾರೂ ಕೈಚೀಲದಲ್ಲಿ ಒಯ್ಯುವ ಹಾಗಿಲ್ಲ, ಲಗೇಜಿನಲ್ಲಿ ಹಾಕುವ ಹಾಗೂ ಇಲ್ಲ. ಸರಕಾಗಿಯೇ, ತರಬೇತಿ ಪಡೆದವರ ಕೈಯಿಂದಲೇ ಹೋಗಬೇಕು. ದೇಶದಿಂದ ಹೊರಗೆ ಕಳಿಸಬೇಕಾದರೆ ಸರ್ಕಾರದ ಅನುಮತಿ ಬೇರೆ. ನೀವು ಕೂತ ವಿಮಾನದ ಹೊಟ್ಟೆಯಲ್ಲಿ ಇಂಥ ಪೆಟ್ಟಿಗೆ ಇದ್ದಿದ್ದರೂ ಇರಬಹುದು. ಪಕ್ಕದ ಸೀಟಿನವರ ಕೆಮ್ಮಿಗೆ ಹೆದರಿ, ಅದಕ್ಕಲ್ಲ.

ದೂರದ ದೇಶಕ್ಕೇ ಕಳಿಸಬೇಕು ಅಂತೇನೂ ಇಲ್ಲ. 2018ರ ಮೇ ತಿಂಗಳಲ್ಲಿ ಕೋಯಿಕ್ಕೋಡಿನ ಡಾಕ್ಟರುಗಳಿಗೆ ಒಂದೇ ಮನೆಯ ಜ್ವರದ ಮೇಲೆ ಅನುಮಾನ ಬಂದಾಗ ಮಾದರಿ ಹೋದದ್ದು ನಮ್ಮ ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರಕ್ಕೆ. ನಿಪಾ ಅಂತ ಮೊದಲು ಗುರುತಿಸಿದ್ದು ಅಲ್ಲಿ, ಖಚಿತ ಮಾಡಿದ್ದು ಪುಣೆಯಲ್ಲಿ. ಅಷ್ಟು ಬೇಗ ಗೊತ್ತಾಗಿದ್ದಕ್ಕೇ ಕೇರಳ ಅದನ್ನು ಕಟ್ಟಿ ಹಾಕಿತು.

ಪ್ರಶ್ನೆ: ಮಾದರಿ ಇಷ್ಟು ಸುಲಭವಾಗಿ ಕಳಿಸಬಹುದಾದರೆ ವಿಜ್ಞಾನಿಗಳು ಯಾಕೆ ಸುಮ್ನೆ ಓಡಾಡಬೇಕು? ಖರ್ಚಲ್ವಾ? – ನಿವೃತ್ತ ಶಿಕ್ಷಕರು, ಹಾವೇರಿ

ಉತ್ತರ: ಮೇಲೆ ಹೇಳಿದ ಎಬೋಲಾದ ಕಥೆಯನ್ನೇ ಮುಂದುವರಿಸುತ್ತೇನೆ ಸರ್. ಲ್ಯಾಬಿನಲ್ಲಿ ವೈರಸ್ ಕಂಡಿತು. ಅದು ಹರಡಿದ್ದು ಹೇಗೆ ಅಂತ ಲ್ಯಾಬ್ ಹೇಳಲಿಲ್ಲ. ಪಿಯೋಟ್ ಮತ್ತು ಬೇರೆ ದೇಶಗಳವರು ಇದ್ದ ತಂಡ ಯಾಂಬುಕು ಅನ್ನುವ ಹಳ್ಳಿಗೆ ಹೋಗಿ ಮನೆ ಮನೆ ತಿರುಗಿತು. ಸತ್ತವರಲ್ಲಿ ಹರೆಯದ ಹೆಂಗಸರು ಜಾಸ್ತಿ ಇದ್ದರು. ಯಾಕೆ? ವಿಚಾರಿಸುತ್ತಾ ಹೋದಾಗ, ಅವರಲ್ಲಿ ಹಲವರು ಬಸುರಿಯರು, ಮಿಷನ್ ಆಸ್ಪತ್ರೆಗೆ ತಪಾಸಣೆಗೆ ಹೋಗಿ ಇಂಜೆಕ್ಷನ್ ಹಾಕಿಸಿಕೊಂಡವರು ಅಂತ ತಿಳಿಯಿತು. ಆ ಆಸ್ಪತ್ರೆಯಲ್ಲಿ ಬೆಳಿಗ್ಗೆ ಐದು ಸಿರಿಂಜು ತೆಗೆದರೆ ದಿನವಿಡೀ ಎಲ್ಲರಿಗೂ ಅವೇ, ನಡುವೆ ನೀರಲ್ಲಿ ಅಲ್ಲಾಡಿಸುವುದು ಅಷ್ಟೇ. ಆಸ್ಪತ್ರೆ ಮುಚ್ಚಿತು, ಶವಸಂಸ್ಕಾರದ ಪದ್ಧತಿ ಬದಲಾಯಿತು, ಕಾಯಿಲೆ ಇಳಿಯಿತು. ಆ ಹೊತ್ತಿಗೆ 318 ಜನರಿಗೆ ಬಂದು 280 ಜನ ತೀರಿಕೊಂಡಿದ್ದರು. ಕಾಯಿಲೆಗೆ ಹಳ್ಳಿಯ ಹೆಸರಿಟ್ಟು ಅದಕ್ಕೆ ಕಳಂಕ ಅಂಟಿಸುವುದು ಬೇಡ ಅಂತ ದೂರದ ಎಬೋಲಾ ನದಿಯ ಹೆಸರಿಟ್ಟರು.

ಇಲ್ಲಿ ಇನ್ನೊಂದು ಹೆಸರು ಹೇಳದಿದ್ದರೆ ತಪ್ಪಾಗುತ್ತದೆ. ಈ ಪರದೇಶದವರು ಬರುವ ಮೊದಲೇ ಯಾಂಬುಕುಗೆ ಹೋಗಿ, ಕೈಗವಸೂ ಇಲ್ಲದೆ ರೋಗಿಗಳ ರಕ್ತ ತೆಗೆದು, ಒಬ್ಬ ಅಸ್ವಸ್ಥ ಸನ್ಯಾಸಿನಿಯನ್ನು ಕಿನ್ಶಾಸಾಗೆ ಕರೆತಂದವರು ಕಾಂಗೋದವರೇ ಆದ ಡಾಕ್ಟರ್ ಜಾನ್-ಜಾಕ್ ಮುಯೆಂಬೆ. ನೀಲಿ ಥರ್ಮಾಸಿನಲ್ಲಿ ಹೋಗಿದ್ದು ಆ ಸನ್ಯಾಸಿನಿಯ ರಕ್ತ. ಎಷ್ಟೋ ವರ್ಷ ಕಥೆ ಆಂಟ್‌ವರ್ಪಿನಿಂದಲೇ ಶುರುವಾಗುತ್ತಿತ್ತು, ಅವರ ಹೆಸರು ಹಿಂದೆ ಉಳಿಯಿತು. ಅವರು ಮಾತ್ರ ಅಲ್ಲೇ ಇದ್ದು, ಮುಂದಿನ ದಶಕಗಳಲ್ಲೂ ಎಬೋಲಾ ವಿರುದ್ಧ ಕೆಲಸ ಮಾಡುತ್ತಲೇ ಬಂದರು.

ಖರ್ಚಿನ ಮಾತಿಗೆ ಬಂದರೆ, ಈಗ ಲ್ಯಾಬೇ ಪ್ರಯಾಣ ಮಾಡುತ್ತಿದೆ. 2015ರಲ್ಲಿ ಗಿನಿ ದೇಶದಲ್ಲಿ ಎಬೋಲಾ ಇನ್ನೂ ಇರುವಾಗ, ಅಂಗೈಯಷ್ಟು ದೊಡ್ಡ ಜೀನ್ ಓದುವ ಯಂತ್ರಗಳನ್ನು ವಿಮಾನದ ಲಗೇಜಿನಲ್ಲಿ ಒಯ್ದು ಅಲ್ಲೇ ವೈರಸ್ಸಿನ ವಂಶವೃಕ್ಷ ಬಿಡಿಸಿದರು. ಯಂತ್ರ ಅಲ್ಲೇ ಇದ್ದು ಅದನ್ನು ನಡೆಸುವುದು ಊರಿನವರಿಗೆ ಬಂದರೆ ಓಡಾಟ ತಾನಾಗೇ ಕಡಿಮೆ ಆಗುತ್ತದೆ. ಆಗಬೇಕಾದದ್ದೂ ಅದೇ.

ಪ್ರಶ್ನೆ: ಮಗಳು ಆರೋಗ್ಯ ತಂಡವೊಂದರ ಜೊತೆ ಲ್ಯಾಬ್ ಕೆಲಸಕ್ಕೆ ಪಶ್ಚಿಮ ಆಫ್ರಿಕಾಕ್ಕೆ ಹೊರಟಿದ್ದಾಳೆ. ರಾತ್ರಿ ನಿದ್ದೆ ಬರ್ತಿಲ್ಲ. ಎಷ್ಟು ಅಪಾಯ? ಏನೇನು ಎಚ್ಚರಿಕೆ ಬೇಕು? – ತಾಯಿ, ಉಡುಪಿ

ಉತ್ತರ: ಅಮ್ಮಾ, ನಿಮ್ಮ ಭಯ ಅರ್ಥವಾಗುತ್ತದೆ. ಅಪಾಯ ಇಲ್ಲ ಅಂತ ಸುಳ್ಳು ಸಮಾಧಾನ ಹೇಳುವುದಿಲ್ಲ.

ಈ ದಾರಿಯಲ್ಲಿ ಜೀವ ತೆತ್ತವರಿದ್ದಾರೆ, ಅಂಗ ಊನವಾದವರೂ ಇದ್ದಾರೆ. 1937ರಲ್ಲಿ ಲೆವ್ ಜಿಲ್ಬರ್ ಅವರ ತಂಡ ಸೋವಿಯತ್ ದೇಶದ ಪೂರ್ವ ತುದಿಯ ಕಾಡಿನಲ್ಲಿ ಉಣುಗಿನ ಮಿದುಳು ಜ್ವರ ಕಂಡುಹಿಡಿಯಲು ಹೋದಾಗ, ಮಿಖಾಯಿಲ್ ಚುಮಕೋವ್ ಅನ್ನುವ ತರುಣ ವಿಜ್ಞಾನಿಗೇ ಅದು ತಗುಲಿ ಕಿವಿ ಕೇಳಿಸದ ಹಾಗಾಯಿತು, ಬಲಗೈ ಶಕ್ತಿ ಕಳೆದುಕೊಂಡಿತು. 2003ರಲ್ಲಿ ಹನೋಯ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಇಟಲಿಯ ಡಾಕ್ಟರ್ ಕಾರ್ಲೋ ಉರ್ಬಾನಿ ಒಂದು ವಿಚಿತ್ರ ನ್ಯುಮೋನಿಯಾ ನೋಡಿ ಜಗತ್ತನ್ನು ಎಚ್ಚರಿಸಿದರು. ಅದು ಸಾರ್ಸ್. ಮಾರ್ಚ್ 29ರಂದು ಅದರಿಂದಲೇ ಬ್ಯಾಂಕಾಕ್‌ನಲ್ಲಿ ತೀರಿಕೊಂಡರು. ಅವರ ಎಚ್ಚರಿಕೆಯಿಂದ ವಿಯೆಟ್ನಾಂ ಏಪ್ರಿಲ್ ಕೊನೆಯೊಳಗೆ ಕಾಯಿಲೆಯನ್ನು ಹತೋಟಿಗೆ ತಂದ ಮೊದಲ ದೇಶವಾಯಿತು. 2014ರಲ್ಲಿ ಸಿಯೆರಾ ಲಿಯೋನ್‌ನ ಕೆನೆಮಾ ಆಸ್ಪತ್ರೆಯ ಡಾಕ್ಟರ್ ಶೇಖ್ ಹುಮರ್ ಖಾನ್ ಎಬೋಲಾ ವಾರ್ಡ್ ಬಿಟ್ಟು ಕದಲಲಿಲ್ಲ, ಜುಲೈಯಲ್ಲಿ ಎಬೋಲಾದಿಂದಲೇ ತೀರಿಕೊಂಡರು. ಎಬೋಲಾ ವೈರಸ್ಸಿನ ಜೀನ್ ಬಗ್ಗೆ ಆ ವರ್ಷ ಬಂದ ಒಂದು ಪ್ರಬಂಧದ ಲೇಖಕರಲ್ಲಿ ಐವರು ಅದು ಅಚ್ಚಾಗುವ ಮೊದಲೇ ಅದೇ ಕಾಯಿಲೆಗೆ ಬಲಿಯಾಗಿದ್ದರು.

ಖಾನ್ ಅಂಥವರು ಊರಿನವರು, ಅವರಿಗೆ ಬಿಟ್ಟು ಹೊರಡುವ ವಿಮಾನ ಇರಲಿಲ್ಲ. ಹೊರಗಿನಿಂದ ಹೋಗುವ ನಿಮ್ಮ ಮಗಳಿಗೆ ತರಬೇತಿ ಇರುತ್ತದೆ, ಒಳ್ಳೆಯ ರಕ್ಷಣಾ ಉಡುಪು ಇರುತ್ತದೆ, ಕಾಯಿಲೆ ಬಿದ್ದರೆ ಕರೆತರುವ ಏರ್ಪಾಡು ಇರಬೇಕು. ಇದೆಯಾ ಅಂತ ಹೊರಡುವ ಮೊದಲೇ ಬರಹದಲ್ಲಿ ಕೇಳಿ ಪಡೆಯಲಿ. 2014ರಲ್ಲಿ ಇಲ್ಲದಿದ್ದ ಎಬೋಲಾ ಲಸಿಕೆ ಈಗಿದೆ, 2019ರಲ್ಲಿ ಅನುಮತಿ ಸಿಕ್ಕಿದೆ.

ಹಳದಿ ಜ್ವರದ ಲಸಿಕೆಯನ್ನು ಹೊರಡುವ ಕನಿಷ್ಠ 10 ದಿನ ಮೊದಲು ಹಾಕಿಸಿ. ಕಾರ್ಡ್ ಜೀವನಪೂರ್ತಿ ನಡೆಯುತ್ತದೆ, ಪಾಸ್‌ಪೋರ್ಟ್ ಜೊತೆಗೇ ಇರಲಿ. ಅದಿಲ್ಲದೆ ಆ ಕಡೆಯಿಂದ ವಾಪಸ್ ಬಂದರೆ ಇಲ್ಲಿ ವಿಮಾನ ನಿಲ್ದಾಣದಿಂದಲೇ 6 ದಿನದವರೆಗೆ ಕ್ವಾರಂಟೈನ್ ಮಾಡುತ್ತಾರೆ. ಮಲೇರಿಯಾ ಮಾತ್ರೆ ತಪ್ಪಿಸಬಾರದು, ಬಂದ ಮೇಲೂ ಡಾಕ್ಟರ್ ಹೇಳಿದಷ್ಟು ದಿನ ನುಂಗಬೇಕು. ಬಾವಲಿ, ನಾಯಿ ಇರುವ ಕಡೆ ಕೆಲಸವಾದರೆ ರೇಬಿಸ್ ಲಸಿಕೆ ಮೊದಲೇ ಆಗಲಿ. ಎಬೋಲಾ ಇರುವ ಜಾಗದಿಂದ ಬಂದರೆ 21 ದಿನ ದಿನಾ ಜ್ವರ ನೋಡಿಕೊಳ್ಳಬೇಕು. ಆ ದಿನಗಳಲ್ಲಿ ಅವಳು ಮನೆಗೆ ಬರಲಿಲ್ಲ ಅಂತ ಬೇಸರ ಮಾಡಿಕೊಳ್ಳಬೇಡಿ. ಇನ್ನೊಂದು, ಇದನ್ನು ಯಾರೂ ಹೇಳುವುದಿಲ್ಲ: ಪ್ರಯಾಣಿಕರ ಜೀವ ತೆಗೆಯುವುದರಲ್ಲಿ ರಸ್ತೆ ಅಪಘಾತ ಬಹಳ ಮುಂದಿದೆ. ರಾತ್ರಿ ಜೀಪಿನಲ್ಲಿ ಓಡಾಡುವುದು ಬೇಡ, ಬೆಲ್ಟ್ ಹಾಕದೆ ಕೂರುವುದು ಬೇಡ ಅಂತ ಮಗಳಿಗೆ ಹೇಳಿ.

ಪ್ರಶ್ನೆ: ಮಂಗ ಸತ್ತ ಸುದ್ದಿ ಮೊದಲು ಕೊಡೋದು ನಾವು, ಉಣುಗು ಕಚ್ಚದ ಹಾಗೆ ಮೈಗೆ ಹಚ್ಚೋ ಎಣ್ಣೆಯನ್ನು ಮನೆ ಮನೆಗೆ ಹಂಚೋದು ನಾವು. ಮೊದಲು ಲಸಿಕೆಗೆ ಜನರನ್ನು ಕರೆತರ್ತಿದ್ವಿ, ಈಗ ಅದೂ ನಿಂತಿದೆ. ದೊಡ್ಡ ದೊಡ್ಡ ತಂಡ ಬಂದು ರಕ್ತ, ಉಣುಗು ತಗೊಂಡು ಹೋಗ್ತಾರೆ. ಏನು ಸಿಕ್ತು ಅಂತ ಒಂದು ಮಾತೂ ವಾಪಸ್ ಬರಲ್ಲ. ಇದು ಸರಿಯಾ ಸರ್? – ಆಶಾ ಕಾರ್ಯಕರ್ತೆ, ಸಾಗರ ತಾಲ್ಲೂಕು

ಉತ್ತರ: ಸರಿಯಲ್ಲ ಅಕ್ಕಾ. ಈ ಸಲ ಬಂದ ಪತ್ರಗಳಲ್ಲಿ ನಿಮ್ಮದನ್ನು ಓದಿ ನಾನು ತುಂಬಾ ಹೊತ್ತು ಸುಮ್ಮನೆ ಕೂತೆ.

1957ರ ಮೊದಲ ವರದಿಗಳಲ್ಲೊಂದರಲ್ಲಿ ವರ್ಕ್, ಟ್ರಾಪಿಡೊ ಹೆಸರಿನ ಜೊತೆ ನರಸಿಂಹಮೂರ್ತಿ, ಲಕ್ಷ್ಮಣರಾವ್, ಭಟ್, ಕುಲಕರ್ಣಿ ಅನ್ನುವ ಹೆಸರುಗಳೂ ಇವೆ. ಆ ಕಾಲಕ್ಕೆ ಅದು ಒಳ್ಳೆಯ ನಡತೆ. ಆದರೆ ಸತ್ತ ಮಂಗ ಎಲ್ಲಿದೆ ಅಂತ ತೋರಿಸಿದವರ, ಬಟ್ಟೆ ಎಳೆದವರ ಹೆಸರು ಅಲ್ಲಿಲ್ಲ. 2018ರ ಕೊನೆಯಲ್ಲಿ ನಿಮ್ಮದೇ ತಾಲ್ಲೂಕಿನ ಅರಳಗೋಡಿನಲ್ಲಿ ಕಾಯಿಲೆ ಎದ್ದಾಗಲೂ ಮೊದಲು ಕಂಡವರು ಊರಿನವರೇ. ಸಂಶೋಧಕರು ಎಷ್ಟು ದೂರದಿಂದ ಬಂದರೂ ಅವರ ಕೆಲಸ ಶುರುವಾಗುವುದು ನಿಮ್ಮ ಒಂದು ಫೋನ್ ಕರೆಯಿಂದ. ಆ ಕರೆಗೆ ಪ್ರತಿಯಾಗಿ ಫಲಿತಾಂಶ ಬರಲೇಬೇಕು, ಕನ್ನಡದಲ್ಲಿ, ನಿಮಗೂ ರಕ್ತ ಕೊಟ್ಟವರಿಗೂ.

ಮಾದರಿ ತೆಗೆಯುವಾಗ ಒಂದು ನಂಬರ್ ಕೊಡುತ್ತಾರೆ. ಆ ನಂಬರ್, ತಾರೀಕು, ತಂಡದ ಮುಖ್ಯಸ್ಥರ ಹೆಸರು, ಫೋನ್ ನಂಬರ್ ನಿಮ್ಮ ಡೈರಿಯಲ್ಲಿ ಬರೆದಿಟ್ಟುಕೊಳ್ಳಿ. ರಕ್ತ ಕೊಡುವವರ ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಓದಿ ಹೇಳದೆ ಸಹಿ ಹಾಕಿಸಲು ಬಿಡಬೇಡಿ, ಅದು ಅವರ ಹಕ್ಕು. ಫಲಿತಾಂಶ ಯಾವಾಗ, ಯಾರ ಮೂಲಕ ಬರುತ್ತದೆ ಅಂತ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ ಎದುರಿಗೇ ಕೇಳಿ. ನಿಮ್ಮ ಮಟ್ಟಿಗೆ, ಸತ್ತ ಮಂಗದ ಹತ್ತಿರ ಸುಳಿಯಬೇಡಿ. ಅದು ಸತ್ತ ಮೇಲೆ ಮೈಮೇಲಿದ್ದ ಉಣುಗುಗಳೆಲ್ಲ ಇಳಿದು ಸುತ್ತ ಹರಡಿರುತ್ತವೆ. ಜಾಗ ಗುರುತು ಮಾಡಿ ತಿಳಿಸಿದರೆ ಸಾಕು, ಸುತ್ತ ಮದ್ದು ಹೊಡೆಯುವುದು ಬೇರೆಯವರ ಕೆಲಸ. ಹಂಚುವ ಡೇಪಾ ಎಣ್ಣೆಯನ್ನು ಮೊದಲು ನಿಮ್ಮ ಕೈಕಾಲಿಗೆ ಹಚ್ಚಿಕೊಳ್ಳಿ, ಕಾಡಂಚಿನಲ್ಲಿ ತಿರುಗುವವರು ನೀವೂ ಹೌದಲ್ವಾ.

ಮುಂದಿನ ಸಲ ತಂಡ ಬಂದಾಗ ಕಳೆದ ಸಲ ಒಯ್ದ ಉಣುಗಿನಲ್ಲಿ ಏನು ಸಿಕ್ಕಿತು ಅಂತ ನೇರವಾಗಿ ಕೇಳಿ. ಉತ್ತರ ಕೊಡುವುದು ಅವರ ಕೆಲಸ. ಕೊಟ್ಟರೂ ಕೊಡದಿದ್ದರೂ ನನಗೆ ಬರೆಯಿರಿ, ಇದೇ ಜಾಗದಲ್ಲಿ ಹಾಕುತ್ತೇನೆ.